ವಿಜಯವಾಡದ ದಾರಿಯ ಎರಡನೇ ಅರ್ಧ

ವಿಶಾಖಪಟ್ಟಣದ ಮಧುರವಾಡದಲ್ಲಿರುವ ನಮ್ಮ ಮನೆಯಿಂದ ವಿಜಯವಾಡದ ಪಟಮಟದ ಆ ಕಲ್ಯಾಣ ಮಂಟಪಕ್ಕೆ ಮುನ್ನೂರ ಅರವತ್ತು ಕಿಲೋಮೀಟರು. ಗಂಟೆಗೆ ಅರವತ್ತರ ಸರಾಸರಿಯಲ್ಲಿ ಹೋದರೆ ಆರು ತಾಸು. ಬೆಳಗಿನ ನಾಲ್ಕಕ್ಕೆ ಬಿಟ್ಟರೆ ಹತ್ತಕ್ಕೆ ಅಲ್ಲಿ. ಇಷ್ಟು ಸುಲಭದ ಲೆಕ್ಕವನ್ನು ಫೋನಿನಲ್ಲಿ ತಂಗಿ ವನಜಾಗೆ ಒಪ್ಪಿಸಿದಾಗ ಅವಳು, "ಅಣ್ಣಾ, ಹಿಂದಿನ ದಿವ್ಸ ಮಧ್ಯಾಹ್ನದ ಟ್ರೇನಿಗೆ ಬಂದುಬಿಡು. ಮದುವಿ ಮುಂದ ಇಟಕೊಂಡು ಲೆಕ್ಕ ಎಲ್ಲಾ ಬ್ಯಾಡ" ಎಂದಳು. ನಾನು ಇಪ್ಪತ್ತೆರಡು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿರುವವನು. ಲೆಕ್ಕ ಬೇಡ ಎಂದರೆ ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ.

ಮದುವೆ ವನಜಾಳ ಮಗಳು ಹರಿಣಿಯದು. ನಾವು ಗದಗಿನ ಕಡೆಯವರು. ವನಜಾ ವಿಜಯವಾಡದ ತೆಲುಗು ಮನೆತನಕ್ಕೆ ಸೊಸೆಯಾಗಿ ಹೋದಳು, ನಾನು ವಿಶಾಖಪಟ್ಟಣಕ್ಕೆ ಕಾಲೇಜು ಮೇಷ್ಟ್ರಾಗಿ ಬಂದೆ. ನಮ್ಮ ಪಿಯುಸಿಗೆ ಇಲ್ಲಿ ಇಂಟರ್ ಎನ್ನುತ್ತಾರೆ. ಹರಿಣಿ ಎರಡು ವರ್ಷದ ಇಂಟರನ್ನು ನಮ್ಮ ಮನೆಯಲ್ಲಿದ್ದುಕೊಂಡು, ನನ್ನ ತರಗತಿಯಲ್ಲಿ ಕೂತುಕೊಂಡೇ ಓದಿದಳು. ನಮಗೆ ಮಕ್ಕಳಿಲ್ಲ. ಆ ಎರಡು ವರ್ಷ ನಮ್ಮ ಮನೆಯಲ್ಲಿ ಕಾಲ್ಗೆಜ್ಜೆ, ಜಗಳ, ಕೂದಲಿನ ಎಣ್ಣೆ ಎಲ್ಲವೂ ಇದ್ದವು.

ತೆಲುಗರ ಮದುವೆಯಲ್ಲಿ ಸೋದರಮಾವನಿಗೆ ಒಂದು ಕೆಲಸ ಉಂಟು. ಗೌರಿಪೂಜೆ ಮುಗಿಸಿದ ಮದುಮಗಳನ್ನು ಬಿದಿರಿನ ದೊಡ್ಡ ಬುಟ್ಟಿಯಲ್ಲಿ ಕೂರಿಸಿ, ಹೊತ್ತುಕೊಂಡು ಹೋಗಿ ಮಂಟಪದಲ್ಲಿ ಇಳಿಸಬೇಕು. ಜೊತೆಗೆ ನಾಲ್ಕು ಜನ ಕೈ ಹಾಕುತ್ತಾರೆ ನಿಜ, ಆದರೆ ಮುಂದಿನ ಅಂಚು ಮಾವನದೇ. ಅದಾದ ಮೇಲೆ ಅಂತರಪಟ, ಮುಹೂರ್ತಕ್ಕೆ ಸರಿಯಾಗಿ ವಧೂವರರು ಒಬ್ಬರ ತಲೆಯ ಮೇಲೆ ಒಬ್ಬರು ಜೀರಿಗೆ-ಬೆಲ್ಲ ಇಡುತ್ತಾರೆ. ಮುಹೂರ್ತ ಹತ್ತು ಇಪ್ಪತ್ತಕ್ಕೆ. ಬುಟ್ಟಿ ಹತ್ತಕ್ಕೆ ಏಳಬೇಕು. ಹರಿಣಿಗೆ ಸ್ವಂತ ಸೋದರಮಾವ ಅಂತ ಇರುವವನು ನಾನೊಬ್ಬನೇ. ಅವಳಂತೂ ಇಂಟರ್ ಓದುವಾಗಲೇ, "ಮಾಮಯ್ಯ, ಈಗಿಂದ ವಾಕಿಂಗ್ ಮಾಡಿ. ನಾನು ದಪ್ಪ ಆಗ್ತಿದ್ದೀನಿ, ನಾಳೆ ಎತ್ತೋದು ನೀವೇ" ಎಂದು ಕಾಡುತ್ತಿದ್ದಳು.

ಇಷ್ಟೆಲ್ಲ ಗೊತ್ತಿದ್ದೂ ನಾನು ಹಿಂದಿನ ದಿನದ ರೈಲು ಹಿಡಿಯಲಿಲ್ಲ. ಸಂಜೆಯವರೆಗೆ ಪುನರಾವರ್ತನೆಯ ತರಗತಿ ಇತ್ತು. ಬೇರೆ ಮೇಷ್ಟ್ರು ತೆಗೆದುಕೊಳ್ಳುತ್ತೇನೆ ಎಂದರೂ ನಾನೇ ಬಿಡಲಿಲ್ಲ, ಪಾಠ ನನಗೆ ಪ್ರಿಯವಾದದ್ದು: ದೂರ, ವೇಗ, ಸಮಯ. ಅದರಲ್ಲಿ ನನ್ನದೊಂದು ಖಾಸಾ ಪ್ರಶ್ನೆ ಇದೆ. ಅರವತ್ತು ಕಿಲೋಮೀಟರಿನ ದಾರಿ. ಒಬ್ಬ ಮೊದಲ ಅರ್ಧವನ್ನು ಗಂಟೆಗೆ ಮೂವತ್ತರಂತೆ ಹೋದ. ಇಡೀ ದಾರಿಯ ಸರಾಸರಿ ಅರವತ್ತು ಬರಬೇಕಾದರೆ ಉಳಿದ ಅರ್ಧವನ್ನು ಎಷ್ಟು ವೇಗದಲ್ಲಿ ಹೋಗಬೇಕು? ಇಡೀ ತರಗತಿ ಒಂದೇ ದನಿಯಲ್ಲಿ "ತೊಂಬತ್ತು" ಎನ್ನುತ್ತದೆ. ಮೂವತ್ತು, ತೊಂಬತ್ತು ಕೂಡಿಸಿ ಅರ್ಧ ಮಾಡಿದರೆ ಅರವತ್ತಲ್ಲವೇ. ಆಗ ನಾನು ಸುಣ್ಣದ ಕಡ್ಡಿ ಕೆಳಗಿಟ್ಟು ನಗುತ್ತೇನೆ. ಅಯ್ಯಾ, ಅರವತ್ತರ ಸರಾಸರಿಯಲ್ಲಿ ಇಡೀ ದಾರಿಗೆ ಸಿಗುವುದೇ ಒಂದು ತಾಸು. ಮೊದಲ ಮೂವತ್ತು ಕಿಲೋಮೀಟರಿಗೇ ಆ ತಾಸು ಮುಗಿದುಹೋಗಿದೆ. ಇನ್ನು ನೀನು ವಿಮಾನ ಹತ್ತಿದರೂ ಆಗುವುದಿಲ್ಲ. ವೇಗಗಳನ್ನು ಕೂಡಿಸಬೇಡಿ, ಸಮಯಗಳನ್ನು ಕೂಡಿಸಿ. ಇದು ನನ್ನ ತರಗತಿಯ ಮಂತ್ರ.

ಹರಿಣಿಯೂ ತನ್ನ ಕಾಲದಲ್ಲಿ ಎದ್ದು ನಿಂತು ತೊಂಬತ್ತು ಎಂದಿದ್ದಳು. ಮನೆಯ ಹುಡುಗಿ ಎಂಬ ಸಲುಗೆಯಿಂದ ಅವಳನ್ನು ಉಳಿದವರಿಗಿಂತ ಹೆಚ್ಚು ಹೊತ್ತು ನಿಲ್ಲಿಸಿಕೊಂಡು ನಕ್ಕಿದ್ದೆ, ತರಗತಿಯನ್ನೂ ನಗಿಸಿದ್ದೆ. ಅಂದಿನಿಂದ ಮನೆಯಲ್ಲಿ ಅವಳ ಹೆಸರು ತೊಂಬತ್ತು. ನಾಮಕರಣವಿರಲಿ, ಗೃಹಪ್ರವೇಶವಿರಲಿ, ನೆಂಟರು ನಾಲ್ಕು ಮಂದಿ ಸೇರಿದಲ್ಲಿ ನಾನು ಆ ಕಥೆ ತೆಗೆಯುತ್ತಿದ್ದೆ. ಅವಳೂ ನಗುತ್ತಿದ್ದಳು.

ಹೆಂಡತಿ ಸುಮಾ ಮೂರು ದಿನ ಮೊದಲೇ ರೈಲಿನಲ್ಲಿ ಹೋಗಿದ್ದಳು. ನನ್ನ ಜೊತೆಗೆ ಉಳಿದವಳು ಗದಗಿನಿಂದ ಬಂದಿದ್ದ ಗಂಗತ್ತೆ, ನನ್ನ ತಂದೆಯ ತಂಗಿ. ಎಪ್ಪತ್ತರ ಮೇಲಿನ ಜೀವ. ಅವಳಿಗೆ ಮದುವೆಗಿಂತ ಮೊದಲು ಸಿಂಹಾಚಲಂ ನೋಡಬೇಕಿತ್ತು. ಹಿಂದಿನ ದಿನ ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ಬೆಟ್ಟ ಹತ್ತಿಸಿ, ಶ್ರೀಗಂಧದ ಲೇಪನದೊಳಗೆ ಮುಖ ಮರೆಸಿ ಕೂತ ನರಸಿಂಹನನ್ನು ತೋರಿಸಿಕೊಂಡು ಬಂದೆ. "ದೇವ್ರ ಮಾರಿನ ಕಾಣವಲ್ದಲೋ" ಎಂದು ಅವಳು ದಾರಿಯುದ್ದಕ್ಕೂ ಗೊಣಗಿದಳು.

ನಾಲ್ಕಕ್ಕೆ ಬಿಡಬೇಕಾದವರು ಬಿಟ್ಟದ್ದು ನಾಲ್ಕು ಹತ್ತಕ್ಕೆ. ಅತ್ತೆಯ ಹಲ್ಲಿನ ಸೆಟ್ಟು ಸಿಕ್ಕಿರಲಿಲ್ಲ. ಹತ್ತು ನಿಮಿಷ ಏನು ಮಹಾ ಎಂದುಕೊಂಡೆ. ಮಾಗಿಯ ದಿನಗಳು, ಗಾಜಿನ ಮೇಲೆ ಇಬ್ಬನಿ. ನನ್ನದು ಹತ್ತು ವರ್ಷ ಹಳೆಯ ಸಣ್ಣ ಕಾರು, ತೊಂಬತ್ತು ದಾಟಿದರೆ ಸ್ಟಿಯರಿಂಗು ನಡುಗುತ್ತದೆ. ದುವ್ವಾಡದ ತಿರುವಿನಲ್ಲಿ ಉಕ್ಕಿನ ಕಾರ್ಖಾನೆಯ ಬೆಳಗಿನ ಪಾಳಿಗೆ ಹೋಗುವವರ ಬಸ್ಸುಗಳು ಸಾಲಾಗಿ ಅಡ್ಡ ಬಂದು ಸ್ವಲ್ಪ ಹೊತ್ತು ಹಿಡಿಸಿತು. ಅನಕಾಪಲ್ಲಿ ದಾಟಿ, ಅಲ್ಲಿನ ಬೆಲ್ಲದ ಮಂಡಿಗಳ ವಾಸನೆ ಹಿಂದೆ ಉಳಿಯುವಷ್ಟರಲ್ಲಿ ಮಂಜು ದಟ್ಟವಾಯಿತು. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ನಲವತ್ತು, ಮೂವತ್ತೈದು, ಕೆಲವು ಕಡೆ ಇಪ್ಪತ್ತು.

"ನಿಧಾನಕ್ಕ ಹೋಗಪ್ಪಾ, ಅವಸರ ಏನೈತಿ?" ಎಂದಳು ಅತ್ತೆ.

"ಅವಸರ ಇಲ್ಲತ್ತೀ, ಮುಂದ ರೋಡ್ ಖಾಲಿ ಐತಿ, ಎಳದುಬಿಡ್ತೀನಿ" ಎಂದೆ.

ತುನಿಯಲ್ಲಿ ಹೊತ್ತು ಮೂಡಿತು. ರಸ್ತೆ ಪಕ್ಕದ ಟಿಫಿನ್ ಅಂಗಡಿಯಲ್ಲಿ ಪೆಸರಟ್ಟು, ಮೇಲೆ ಉಪ್ಪಿಟ್ಟು ಹರವಿ ಮಡಚಿದ್ದು, ಶುಂಠಿಯ ಚಟ್ನಿ. ಒಂದಕ್ಕೆ ಐವತ್ತು ರೂಪಾಯಿ, ಬೆಣ್ಣೆ ಹಾಕಿದರೆ ಅರವತ್ತು. ನಮ್ಮೂರ ಹೆಸರುಬೇಳೆ ದೋಸೆಯ ಅಣ್ಣ ಇದು ಎಂದು ಅತ್ತೆಗೆ ವಿವರಿಸಿ, ಅವಳು ಒಂದು ತಿನ್ನುವಷ್ಟರಲ್ಲಿ ನಾನು ಎರಡು ತಿಂದು, ಬಿಸಿ ಬಿಸಿ ಕಾಫಿ ಕುಡಿದೆ. ಮದುವೆ ಮನೆಯಲ್ಲಿ ಹೊರುವ ಕೆಲಸ ಇದೆ, ಹೊಟ್ಟೆ ಗಟ್ಟಿ ಇರಬೇಕು ಎಂದೂ ಹೇಳಿದೆ.

ಮುಂದೆ ಅನ್ನವರಂ. ಬೆಟ್ಟದ ಮೇಲಿನ ಸತ್ಯನಾರಾಯಣ ಸ್ವಾಮಿಯ ಪ್ರಸಾದ ಹೆದ್ದಾರಿಯ ಮಗ್ಗುಲಲ್ಲೇ ಸಿಗುತ್ತದೆ. ಗೋಧಿನುಚ್ಚು, ಸಕ್ಕರೆ, ತುಪ್ಪ ಹಾಕಿ ಕಾಸಿದ್ದನ್ನು ಎಲೆಯ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಾರೆ. ಮದುವೆಗೆ ಬರಿಗೈಲಿ ಹೋಗುವುದೇ ಎಂದು ಅತ್ತೆ ಸಾಲಿನಲ್ಲಿ ನಿಂತಳು. ಸಾಲು ಉದ್ದವಿತ್ತು. ನಾನು ಗಡಿಯಾರ ನೋಡಿದೆ, ಆದರೆ ನೋಡಿದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಪ್ರಶ್ನೆಪತ್ರಿಕೆಯ ಕಾರು ಎಲ್ಲಿಯೂ ಪೆಸರಟ್ಟು ತಿನ್ನುವುದಿಲ್ಲ, ಅದಕ್ಕೆ ಗಂಗತ್ತೆ ಇರುವುದಿಲ್ಲ. ಬಿಟ್ಟ ಜಾಗದಿಂದ ಮುಟ್ಟುವ ಜಾಗಕ್ಕೆ ಅದು ಒಂದೇ ಸಮನೆ ಓಡುತ್ತದೆ. ಅಂಥ ಕಾರುಗಳ ಜೊತೆಗೇ ಇಪ್ಪತ್ತೆರಡು ವರ್ಷ ಕಳೆದಿದ್ದರಿಂದಲೋ ಏನೋ, ನಿಂತ ಹೊತ್ತೂ ಹೊತ್ತೇ ಎಂಬುದು ನನಗೆ ಹೊಳೆಯಲಿಲ್ಲ.

ರಾಜಾನಗರಂ ಬಳಿ ಕಾರಿನ ಮೀಟರು ನೂರ ಎಂಬತ್ತು ತೋರಿಸಿತು. ಸರಿಯಾಗಿ ಅರ್ಧ ದಾರಿ. ಹೊತ್ತು ಎಂಟೂವರೆ ದಾಟಿತ್ತು. ಅಷ್ಟರಲ್ಲಿ ವನಜಾಳ ಫೋನು ಬಂತು. ಗಾಡಿಯನ್ನು ಬದಿಗೆ ಹಾಕಿ ಎತ್ತಿದೆ. ಹಿಂದೆ ನಾದಸ್ವರದವರು ಶ್ರುತಿ ಹಿಡಿಯುತ್ತಿದ್ದದ್ದು ಕೇಳುತ್ತಿತ್ತು.

"ಅಣ್ಣಾ, ಎಕ್ಕಡ? ಎಲ್ಲಿದ್ದಿ?"

"ಅರ್ಧ ಬಂದ್ವಿ."

"ಅರ್ಧಾನಾ? ಬರೇ ಅರ್ಧಾನಾ?" ಅವಳ ದನಿ ಏರಿತು. "ಹಂಗಿದ್ರ ಖರೇ ಹೇಳು. ರಾಘು ಗನ್ನವರಂದಾಗ ಡ್ಯೂಟಿ ಮ್ಯಾಗ ಅದಾನ, ಸಂಜಿಗೆ ಬರ್ತೀನಿ ಅಂದಾನ. ಈಗ ಫೋನ್ ಮಾಡಿದ್ರ ರಜಾ ಕೇಳಿ ಹತ್ತರೊಳಗ ಬಂದುಬಿಡ್ತಾನ. ಅವ್ನೂ ನಮ್ಮ ದೊಡ್ಡಪ್ಪನ ಮಗ, ಅವ್ನೂ ಮಾವನ. ಕರೀಲೇನು?"

ರಾಘು ಗನ್ನವರಂ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿರುವವನು. ಮಂಟಪದಿಂದ ಅರ್ಧ ತಾಸಿನ ದಾರಿ. ವನಜಾ ಕೇಳಿದ್ದು ಎಷ್ಟು ಸರಳವಾದ ಪ್ರಶ್ನೆ! ಆಗುತ್ತದೆ ಅಥವಾ ಆಗುವುದಿಲ್ಲ, ಎರಡರಲ್ಲಿ ಒಂದು ಹೇಳಬೇಕಿತ್ತು. ಆದರೆ ನನ್ನ ಬುಟ್ಟಿಗೆ ರಾಘು ಕೈ ಹಾಕುವುದು ಕಣ್ಣಿಗೆ ಕಟ್ಟಿ ಬಂದು ನಾನು ಉರಿದುಬಿದ್ದೆ.

"ಯಾಕ ಕರೀತಿ? ಲೆಕ್ಕ ಕೇಳಿಲ್ಲಿ. ಮೊದಲ ಅರ್ಧ ನಲವತ್ತರ ಮ್ಯಾಲ ಬಂದೀನಿ. ಇನ್ನ ರೋಡ್ ಭಾಳ ಚಲೋ ಐತಿ, ಉಳಿದ ಅರ್ಧ ಎಂಬತ್ತರ ಮ್ಯಾಲ ಹೊಡೀತೀನಿ. ನಲವತ್ತು, ಎಂಬತ್ತು, ಕೂಡಿಸಿ ಅರ್ಧ ಮಾಡು. ಅರವತ್ತು ಬಂತಿಲ್ಲ? ಹತ್ತಕ್ಕ ಅಲ್ಲಿರ್ತೀನಿ. ಹರಿಣೀಗೆ ಬುಟ್ಟಿಯಾಗ ಕುಂದ್ರಾಕ ಹೇಳು."

"ನಿಜಂಗಾ?" ಎಂದಳು ವನಜಾ. ಅವಳಿಗೆ ತೀರ ಆತಂಕವಾದಾಗ ತೆಲುಗು ಬರುತ್ತದೆ.

"ನಾ ಇದನ್ನ ಕಲಸಾಂವ ಅದೀನವ್ವ" ಎಂದು ಫೋನು ಇಟ್ಟೆ.

ಗೋದಾವರಿ ಬಂತು. ಆ ಸೇತುವೆಯ ಮೇಲೆ ಯಾವಾಗಲೂ ನಾನು ನಿಧಾನಿಸುತ್ತೇನೆ, ಅಷ್ಟು ಅಗಲದ ನೀರು ನಮ್ಮ ಬಯಲುಸೀಮೆಯವರಿಗೆ ಎಷ್ಟು ಸಲ ನೋಡಿದರೂ ಸಾಲದು. ಅಂದು ನಿಧಾನಿಸಲಿಲ್ಲ. ಅತ್ತೆ ನೀರಿಗೆ ಹಾಕಲೆಂದು ಸೊಂಟದ ಚೀಲದಿಂದ ನಾಣ್ಯ ತೆಗೆಯುವಷ್ಟರಲ್ಲಿ ಹೊಳೆ ಮುಗಿದಿತ್ತು. ಮುಳ್ಳು ಎಂಬತ್ತರಲ್ಲಿ ನೆಟ್ಟಗೆ ನಿಂತಿತ್ತು. ಮಂಜು ಕರಗಿ ಎಳೆಬಿಸಿಲು ಬಿದ್ದಿತ್ತು, ಬದಿಯಲ್ಲಿ ಭತ್ತದ ಗದ್ದೆ, ತೆಂಗು. ನನ್ನ ಮಾತು ನಡೆಯುತ್ತಿದೆ ಎಂಬ ಸಮಾಧಾನದಲ್ಲಿ ಒಂದು ಹಾಡನ್ನೂ ಗುನುಗಿದೆ.

"ಆ ಬೋರ್ಡಿನ್ಯಾಗ ಒಂದು ನಾಲ್ಕು ಐದು ಅಂತ ಐತಲ್ಲೋ, ಅದ ಏನು?" ಎಂದು ಅತ್ತೆ ಕೇಳಿದಳು.

"ವಿಜಯವಾಡ ನೂರ ನಲವತ್ತೈದು" ಎಂದೆ. ಹೇಳುತ್ತಲೇ ಕಣ್ಣು ಗಡಿಯಾರಕ್ಕೆ ಹೋಯಿತು. ಒಂಬತ್ತು ಗಂಟೆ ಐದು ನಿಮಿಷ.

ಒಂದು ತಾಸು ಉಳಿದಿದೆ, ಅದೂ ಪೂರ್ತಿ ಇಲ್ಲ. ದಾರಿ ನೂರ ನಲವತ್ತೈದು. ಇದಕ್ಕೆ ಇಂಟರ್ ಬೇಡ, ನಾಲ್ಕನೇ ಇಯತ್ತೆ ಸಾಕು. ನೂರ ಎಂಬತ್ತು ಕಿಲೋಮೀಟರನ್ನು ನಲವತ್ತರಲ್ಲಿ ಬಂದರೆ ನಾಲ್ಕೂವರೆ ತಾಸು ಅಲ್ಲೇ ಹೋಯಿತು. ಆರರಲ್ಲಿ ಉಳಿದದ್ದು ಒಂದೂವರೆ. ಅಷ್ಟರಲ್ಲಿ ಇನ್ನು ನೂರ ಎಂಬತ್ತು ಹೋಗಬೇಕಾದರೆ ಗಂಟೆಗೆ ನೂರ ಇಪ್ಪತ್ತು. ಎಂಬತ್ತಲ್ಲ, ನೂರ ಇಪ್ಪತ್ತು. ವೇಗಗಳನ್ನು ಕೂಡಿಸಿದ್ದೆ. ಹಿಂದಿನ ಸಂಜೆ ಅರವತ್ತು ಮಕ್ಕಳನ್ನು ಯಾವ ತಪ್ಪಿಗೆ ನಗಿಸಿದ್ದೆನೋ ಅದೇ ತಪ್ಪನ್ನು, ಅದೇ ಧಾಟಿಯಲ್ಲಿ, "ಕೂಡಿಸಿ ಅರ್ಧ ಮಾಡು" ಎಂದು ತಂಗಿಗೆ ಬೈದು ಹೇಳಿದ್ದೆ.

ಓದುಗರು ಇಲ್ಲಿಯವರೆಗಿನದನ್ನು ಮರವೆ ಎಂದೋ ಅವಸರ ಎಂದೋ ಕ್ಷಮಿಸಬಹುದು. ಮುಂದಿನದನ್ನು ಕ್ಷಮಿಸಬೇಡಿ. ಒಂಬತ್ತು ಐದಕ್ಕೆ ಫೋನು ಮಾಡಿದ್ದರೆ ರಾಘು ಹತ್ತರೊಳಗೆ ಮಂಟಪದಲ್ಲಿರುತ್ತಿದ್ದ. ಫೋನು ಕೈಗೆ ಎಟಕುವಂತೆಯೇ ಇತ್ತು. ಬದಿಯಲ್ಲಿ ನಿಲ್ಲಲು ಜಾಗವೂ ಇತ್ತು. ವನಜಾ, ನನ್ನ ಲೆಕ್ಕ ತಪ್ಪಿತು, ರಾಘುನ ಕರೆ. ಇಷ್ಟು ಹೇಳಬೇಕಿತ್ತು. ಆದರೆ ಹಾಗೆ ಹೇಳಿದರೆ ಹೇಗೆ ತಪ್ಪಿತು ಎಂದು ಯಾರಾದರೂ ಕೇಳುತ್ತಾರೆ. ಕೇಳಿದರೆ ಹರಿಣಿಗೆ ತಿಳಿಯುತ್ತದೆ. ಇಡೀ ಬಳಗದ ಎದುರು ನಾನು ತೊಂಬತ್ತು ಆಗುತ್ತೇನೆ. ಇದೊಂದೇ ನನ್ನ ತಲೆಯಲ್ಲಿ ಸುತ್ತಿದ್ದು. ಮದುವೆಗಳು ಯಾವತ್ತು ಹೊತ್ತಿಗೆ ಸರಿಯಾಗಿ ಆಗಿವೆ, ಪುರೋಹಿತರು ಎಳೆಯುತ್ತಾರೆ, ಫೋಟೋದವರು ಎಳೆಯುತ್ತಾರೆ ಎಂದು ನನಗೆ ನಾನೇ ಬೆಣ್ಣೆ ಹಚ್ಚಿಕೊಂಡು ಕಾಲನ್ನು ಒತ್ತಿದೆ.

ಮುಳ್ಳು ತೊಂಬತ್ತೈದಕ್ಕೆ ಹೋಯಿತು. ಸ್ಟಿಯರಿಂಗು ನಡುಗಿತು. ಅತ್ತೆ ಮೇಲಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು, "ಯಪ್ಪಾ, ನಾ ಮದಿವಿ ನೋಡಾಕ ಹೊಂಟೀನಿ, ನನ್ನ ತಿಥಿ ಮಾಡಸಾಕ ಅಲ್ಲ" ಎಂದಳು. ತುಸು ತಡೆದು, "ತಡಾ ಆಗೂದಿದ್ರ ವನಜಾಗ ಒಂದ್ ಮಾತು ತಿಳಸೋ. ಕಾಯಕೋತ ಕುಂತಿರ್ತಾವ ಪಾಪ" ಎಂದಳು.

"ಮುಟ್ತೀವಿ ಬಿಡತ್ತೀ."

ಏಲೂರು ದಾಟುವಾಗ ಹತ್ತಾಗಿತ್ತು. ಫೋನು ಹೊಡೆದುಕೊಂಡಿತು. ವನಜಾ. ಆಮೇಲೆ ಸುಮಾ. ಆಮೇಲೆ ಮತ್ತೆ ವನಜಾ. ಗಾಡಿ ನಡೆಸುವಾಗ ಫೋನು ಎತ್ತಬಾರದೆಂಬ ನಿಯಮ ನನಗೆ ಆಗ ನೆನಪಾಯಿತು. ಅತ್ತೆ ನನ್ನ ಮುಖ ನೋಡಿದಳು. ಹನುಮಾನ್ ಜಂಕ್ಷನ್ನಿನ ಹೊತ್ತಿಗೆ ಹತ್ತು ಇಪ್ಪತ್ತು. ಜೀರಿಗೆ-ಬೆಲ್ಲದ ಹೊತ್ತು. ಅಲ್ಲಿಂದ ಫೋನು ಸುಮ್ಮನಾಯಿತು.

ಗನ್ನವರಂ ವಿಮಾನ ನಿಲ್ದಾಣ ಹೆದ್ದಾರಿಗೆ ಹತ್ತಿಕೊಂಡೇ ಇದೆ. ಗೇಟಿನ ಎದುರಿನ ಸಿಗ್ನಲ್ಲಿನಲ್ಲಿ ನಿಲ್ಲಬೇಕಾಯಿತು. ಆ ಗೋಡೆಯ ಒಳಗೆಲ್ಲೋ ರಾಘು ಬಿಳಿ ಅಂಗಿ ತೊಟ್ಟುಕೊಂಡು, ಸಂಜೆಯ ಊಟದ ಹೊತ್ತಿಗೆ ಹೋದರಾಯಿತು ಎಂದುಕೊಂಡು ಆರಾಮಾಗಿದ್ದ. ನಾನು ಕೊರಳು ತಿರುಗಿಸಿ ಆ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಊರೊಳಗಿನ ವಾಹನಗಳ ನಡುವೆ ತೆವಳಿಕೊಂಡು ಮಂಟಪ ಮುಟ್ಟಿದಾಗ ಹನ್ನೊಂದು. ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗಿಯರು ಆಗಲೇ ಕುರ್ಚಿಯಲ್ಲಿ ಕೂತು ಫೋನು ನೋಡುತ್ತಿದ್ದರು. ವೇದಿಕೆಯ ಮೇಲೆ ಹರಿಣಿ ಬಿಳಿ ಸೀರೆಯ ಕೆಂಪಂಚು ಸರಿಪಡಿಸಿಕೊಳ್ಳುತ್ತ ವರನ ಮಗ್ಗುಲಲ್ಲಿ ಕೂತಿದ್ದಳು. ತಲೆಯ ಮೇಲೆ ಜೀರಿಗೆ-ಬೆಲ್ಲ, ಕೊರಳಲ್ಲಿ ಮಾಂಗಲ್ಯ. ಎಲ್ಲ ಮುಗಿದಿತ್ತು. ಕಂಬದ ಬದಿಯಲ್ಲಿ ಬುಟ್ಟಿ ಇತ್ತು. ಹೊಸ ಬಿದಿರು, ಸುತ್ತಲೂ ಅರಿಶಿನ ಕುಂಕುಮದ ಪಟ್ಟೆ, ತಳದಲ್ಲಿ ಹಾಸಿದ ಅಕ್ಕಿ ಮತ್ತು ಒಂದು ರೇಷ್ಮೆ ವಸ್ತ್ರ. ವಸ್ತ್ರದ ಮೇಲೆ ಕೂತೆದ್ದ ಸುಕ್ಕು ಕಾಣುತ್ತಿತ್ತು.

ವರನ ಕಡೆಯ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು. "ಪೆಳ್ಳಿಕೂತುರು ನಡುಚುಕುಂಟೂ ವಚ್ಚಿಂದೇಮಿಟಿ? ಮೇನಮಾಮ ಲೇಡಾ?" ಮದುಮಗಳು ನಡೆದುಕೊಂಡು ಬಂದಳಲ್ಲ, ಸೋದರಮಾವ ಇಲ್ಲವೇ, ಎಂದು. ಸೋದರಮಾವ ಅವಳ ಬೆನ್ನ ಹಿಂದೆಯೇ, ಕೈಯಲ್ಲಿ ಅನ್ನವರಂ ಪ್ರಸಾದ ಹಿಡಿದು ನಿಂತಿದ್ದ.

ಸುಮಾ ಬಂದಳು. ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಪೊಟ್ಟಣ ಇಸಿದುಕೊಂಡು ಮೆಲ್ಲನೆ ಹೇಳಿದಳು. "ಹತ್ತಕ್ಕ ಬುಟ್ಟಿಯಾಗ ಕುಂತ್ಲು. ಇನ್ನೂ ಹೊತ್ತೈತಿ, ರಾಘು ಅಣ್ಣಗ ಫೋನ್ ಮಾಡೂಣು ಅಂತ ಒಂಬತ್ತರಿಂದ ವನಜಾ ಹೇಳಿದ್ದ ಹೇಳಿದ್ದು. ಹುಡುಗಿ ಕೇಳವಲ್ಲದು. ಮಾಮಯ್ಯ ಹತ್ತಕ್ಕ ಅಂದ್ರ ಹತ್ತಕ್ಕ, ಅವರ ಲೆಕ್ಕ ತಪ್ಪಂಗಿಲ್ಲ, ಬ್ಯಾರೆ ಯಾರೂ ಬ್ಯಾಡ ಅಂದ್ಲು. ಹತ್ತೂಕಾಲಿಗೆ ಪುರೋಹಿತರು ಕೂಗಿಬಿಟ್ರು. ತಾನ ಎದ್ದು, ಸೀರಿ ಎತ್ತಿ ಹಿಡಕೊಂಡು, ತಾನ ನಡಕೊಂಡು ಹೋದ್ಲು."

ವನಜಾಳ ಗಂಡ ಪ್ರಸಾದರಾಯರು ದೊಡ್ಡ ಮನುಷ್ಯರು. ಮಗಳ ಮದುವೆಯಲ್ಲಿ ಮುಖಕ್ಕೆ ಮಸಿ ಬಳಿದವನನ್ನು ಬಂದು ತಬ್ಬಿಕೊಂಡರು. "ಟ್ರಾಫಿಕ್ಕಾ ಬಾವಗಾರೂ?" ಎಂದು ಅವರೇ ನನಗೆ ಉತ್ತರ ಹೇಳಿಕೊಟ್ಟರು. ನಾನು ಹೌದು ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಏಲೂರಿನ ಹತ್ತಿರ ಲಾರಿಯೊಂದು ಅಡ್ಡ ಬಿದ್ದಿತ್ತು ಎಂದೂ ಸೇರಿಸಿದೆ. ಗಂಗತ್ತೆ ನನ್ನ ಪಕ್ಕದಲ್ಲೇ ಇದ್ದಳು. ಅವಳಿಗೆ ತೆಲುಗು ಬಾರದು, ಆದರೆ ಲಾರಿ, ಏಲೂರು ಎರಡೂ ಶಬ್ದ ತಿಳಿದವು. ಒಮ್ಮೆ ನನ್ನತ್ತ ನೋಡಿ ಸೆರಗು ಬಾಯಿಗೆ ಇಟ್ಟುಕೊಂಡು ಆ ಕಡೆ ನಡೆದಳು. ವನಜಾ ಮಾತ್ರ ನನ್ನ ಹತ್ತಿರ ಬರಲಿಲ್ಲ. ಬೀಗರ ನಡುವೆ ನಗುತ್ತ ಓಡಾಡುತ್ತಿದ್ದವಳು ನಾನಿದ್ದ ಕಡೆ ಬಂದಾಗಲೆಲ್ಲ ಬೇರೆ ದಾರಿ ಹಿಡಿಯುತ್ತಿದ್ದಳು.

ಊಟಕ್ಕೆ ಎಲೆ ಹಾಕಿದ್ದರು. ಮುದ್ದ ಪಪ್ಪು ಎನ್ನುವ ಗಟ್ಟಿ ತೊವ್ವೆ, ಆವಕಾಯಿ ಉಪ್ಪಿನಕಾಯಿ, ಪುಳಿಹೋರ, ಗೋಂಗೂರ ಚಟ್ನಿ, ಗುತ್ತಿ ಬದನೆಕಾಯಿ. ತಲೆ ತಗ್ಗಿಸಿಕೊಂಡು ಕೂತೆ. ನಾಚಿಕೆ ಮುಖಕ್ಕೆ ಇತ್ತೇ ಹೊರತು ಹೊಟ್ಟೆಗೆ ಇರಲಿಲ್ಲ. ತುಪ್ಪ ಸುರಿದ ಎರಡನೇ ಬೊಬ್ಬಟ್ಟು ಹಾಕಿಸಿಕೊಂಡು ತಿಂದೆ, ನಮ್ಮ ಹೋಳಿಗೆಗಿಂತ ದಪ್ಪ. ಬಡಿಸುವವರು "ಮೇನಮಾಮಗಾರಿಕಿ ವೇಯಂಡಿ", ಸೋದರಮಾವನಿಗೆ ಬಡಿಸಿ, ಎಂದು ನನ್ನನ್ನು ಗುರುತಿಸಿ ಮೂರನೆಯದನ್ನು ತಂದರು. ಆಗ ಎದ್ದು ಕೈ ತೊಳೆದೆ.

ಸಂಜೆ ನಾಲ್ಕಕ್ಕೆ ಹೆಣ್ಣು ಒಪ್ಪಿಸುವ ಶಾಸ್ತ್ರ. ಹರಿಣಿ ಎಲ್ಲರ ಕಾಲಿಗೂ ಬಿದ್ದು ಅಳುತ್ತ, ನಗುತ್ತ ಬಂದಳು. ನನ್ನ ಸರದಿ ಬಂದಾಗ ಸುತ್ತ ಜನ ಕಡಿಮೆ ಇದ್ದರು, ಹೂವಿನ ಕಾರಿನ ಬಳಿ ಫೋಟೋದವರು ಎಲ್ಲರನ್ನೂ ಆ ಕಡೆ ಕರೆದಿದ್ದರು. ಬಗ್ಗಿದವಳನ್ನು ಎತ್ತಿ ನಿಲ್ಲಿಸಿದೆ. ಇನ್ನು ತಡೆದರೆ ಯಾವತ್ತೂ ಹೇಳಲಾರೆ ಅನ್ನಿಸಿತು.

"ಲಾರಿ ಗೀರಿ ಏನೂ ಇರ್ಲಿಲ್ಲವ್ವ," ಎಂದೆ. "ನಲವತ್ತು, ಎಂಬತ್ತು ಕೂಡಿಸಿ ಅರ್ಧ ಮಾಡಿದೆ."

ಹರಿಣಿ ಕಣ್ಣೊರೆಸಿಕೊಂಡಳು. ಕಾಡಿಗೆ ಹರಡಿತು.

"ತೆಲುಸು ಮಾಮಯ್ಯ, ಗೊತ್ತಿತ್ತು. ಅಮ್ಮನ ಫೋನ್ ಸ್ಪೀಕರ್ ಮ್ಯಾಲಿತ್ತು, ನಂಗ ಜಡೆ ಹಾಕ್ತಿದ್ರು. ನೂರಾ ಇಪ್ಪತ್ತು ಬೇಕು ಅಂತ ಅಲ್ಲೇ ಗೊತ್ತಾಯ್ತು. ನಿಮ್ಮ ಕಾರು ಅಷ್ಟು ಹೋಗಲ್ಲ."

"ಮತ್ತ ರಾಘೂನ ಕರಿಯಾಕ ಯಾಕ ಬಿಡ್ಲಿಲ್ಲ?"

"ಕರೆದ್ರೆ ಯಾಕ ಅಂತ ಎಲ್ಲಾರೂ ಕೇಳ್ತಾರ. ಹೇಳ್ಬೇಕಾಗತದ. ಆಮೇಲೆ ಎಲ್ಲಾರೂ ನಗ್ತಾರ." ಅವಳು ಕೈಬಳೆಗಳನ್ನು ತಿರುಗಿಸುತ್ತ ಹೇಳಿದಳು. "ಆ ನಗು ಹೆಂಗಿರತದೋ ನಂಗ ಗೊತ್ತು ಮಾಮಯ್ಯ. ಭಾಳ ದಿನ ಹೋಗಲ್ಲ ಅದು. ನಿಮಗ ಬ್ಯಾಡ ಅನ್ನಿಸ್ತು."

"ಗೊತ್ತಿದ್ದೂ ಬುಟ್ಟಿಯಾಗ ಯಾಕ ಕುಂತಿ?"

"ಒಂದ್ ಸಲ ಫಿಸಿಕ್ಸ್ ತಪ್ಪಾಗ್ಲಿ ಅಂತ" ಎಂದಳು.

ಅಷ್ಟರಲ್ಲಿ ಯಾರೋ ಕರೆದರು. ಅವಳು ಹೊರಟವಳು ತಿರುಗಿ, "ಬುಟ್ಟಿ ಇಲ್ಲಿ ಬಿಡಬ್ಯಾಡ್ರಿ ಮಾಮಯ್ಯ, ಮನೀಗೆ ತಗೊಂಡು ಹೋಗ್ರಿ. ಅದು ನಿಮ್ಮದು" ಎಂದಳು.

ಮರುದಿನ ಬೆಳಿಗ್ಗೆ ಏಳಕ್ಕೆ ಹೊರಟೆವು. ಸುಮಾ ಮುಂದೆ ಕೂತಳು. ಬುಟ್ಟಿ ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಹಿಂದಿನ ಸೀಟಿನ ಮೇಲೆ ಅಡ್ಡಡ್ಡ ನಿಲ್ಲಿಸಿ, ಉಳಿದ ಮೂಲೆಯಲ್ಲಿ ಗಂಗತ್ತೆಯನ್ನು ಕೂರಿಸಿದೆ. ವನಜಾ ಗೇಟಿನವರೆಗೆ ಬಂದಳು, ಅತ್ತೆಯ ಕೈಗೆ ಬೊಬ್ಬಟ್ಟಿನ ಡಬ್ಬಿ ಕೊಟ್ಟಳು, ಸುಮಾಳ ಹಣೆಗೆ ಕುಂಕುಮ ಹಚ್ಚಿದಳು. ನನಗೆ, "ನಿಧಾನಕ್ಕ ಹೋಗು" ಎಂದಳು. ಅಷ್ಟೇ. ಅವಳಿಗೆ ನಿಜ ಹೇಳುವ ಕೆಲಸ ಇನ್ನೂ ಬಾಕಿ ಇದೆ. ಈ ಬರಹ ಅಚ್ಚಾಗುವ ಮೊದಲು ಹೇಳಬೇಕು.

ಗನ್ನವರಂನಲ್ಲಿ ರಾಘು ರಸ್ತೆಯ ಬದಿಗೆ ಬಂದು ನಿಂತಿದ್ದ. ಹಿಂದಿನ ಸಂಜೆ ಮಾತಾಡಲು ಆಗಲಿಲ್ಲ ಎಂದು ಟೀ ಕುಡಿಸಿದ. "ನಂಗ ಒಂದ್ ಫೋನ್ ಹಚ್ಚಬಾರದಿತ್ತೇನಣ್ಣಾ, ಓಡಿ ಬರ್ತಿದ್ನಲ್ಲ" ಎಂದ. ನಾನು ಟೀ ಬಿಸಿ ಇದೆ ಎಂಬಂತೆ ಊದುತ್ತ ನಿಂತೆ.

ಗೋದಾವರಿಯ ಮೇಲೆ ಈ ಸಲ ನಿಧಾನಿಸಿದೆ. ಅತ್ತೆ ಹಣೆಗೆ ಒತ್ತಿಕೊಂಡು ನಾಣ್ಯ ಎಸೆದಳು. ರಾಜಾನಗರಂ ಬಂದಾಗ ಸುಮಾ, "ಅರ್ಧ ಆತು, ಮನಿ ಮುಟ್ಟೂದು ಎಷ್ಟೊತ್ತಿಗೆ?" ಎಂದು ಕೇಳಿದಳು. ಉತ್ತರ ಬಾಯಿಗೆ ಬಂದಿತ್ತು, ನುಂಗಿಕೊಂಡೆ. 

ಹಿಂದಿನಿಂದ ಒಂದು ಬಸ್ಸು ಹಾರ್ನು ಹಾಕುತ್ತಿತ್ತು. ಎಷ್ಟು ಹತ್ತಿರ ಬಂದಿದೆ ಎಂದು ಮೇಲಿನ ಕನ್ನಡಿ ನೋಡಿದೆ. ಬಸ್ಸು ಕಾಣಲಿಲ್ಲ, ರಸ್ತೆಯೂ ಕಾಣಲಿಲ್ಲ. ಕನ್ನಡಿಯ ತುಂಬ ಬುಟ್ಟಿ ಇತ್ತು. ಮಧುರವಾಡದವರೆಗೂ ಹಾಗೆಯೇ ಇತ್ತು.